ಕ್ರೀಡಾಜ್ಯೋತಿ ಗ್ರೀಕರದ್ದಲ್ಲ, ಪ್ರತಿಜ್ಞೆ ಗ್ರೀಕರದ್ದು

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಪ್ರತಿ ವರ್ಷ ನಮ್ಮ ಕ್ರೀಡಾಕೂಟದಲ್ಲಿ ಮಕ್ಕಳು ಕ್ರೀಡಾಜ್ಯೋತಿ ಹಿಡಿದು ಮೈದಾನ ಸುತ್ತುತ್ತಾರೆ. ಆಮೇಲೆ ಪ್ರತಿಜ್ಞೆ ಮಾಡುತ್ತಾರೆ. ಸಂಜೆ ಮೂರು ಮೆಟ್ಟಿಲಿನ ಸ್ಟ್ಯಾಂಡ್ ಮೇಲೆ ನಿಂತು ಮೆಡಲ್ ಹಾಕಿಸಿಕೊಳ್ಳುತ್ತಾರೆ. 'ಇದೆಲ್ಲ ಪ್ರಾಚೀನ ಗ್ರೀಕರಿಂದ ಬಂದದ್ದು' ಎಂದು ನಾನೇ ಮೈಕಿನಲ್ಲಿ ಹೇಳುತ್ತೇನೆ. ಈ ಸಲ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು, 'ಮಿಸ್, ಆಗ ಹುಡುಗಿಯರೂ ಓಡ್ತಿದ್ರಾ?' ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ನಿಜವಾಗಿ ಗ್ರೀಕರಿಂದ ನಮಗೆ ಬಂದದ್ದು ಏನು?

ಉತ್ತರ: ಮೇಡಂ, ಆ ಹುಡುಗಿಗೆ ಒಂದೇ ಮಾತಿನ ಉತ್ತರ ಬೇಕಿದ್ದರೆ, ಹೌದು, ಓಡುತ್ತಿದ್ದರು. ಆದರೆ ಎಲ್ಲಿ, ಯಾರು, ಯಾವಾಗ ಅನ್ನುವುದರಲ್ಲೇ ಕಥೆ ಇದೆ. ಅದನ್ನು ಕೊನೆಯಲ್ಲಿ ಬಿಡಿಸಿ ಹೇಳುತ್ತೇನೆ. ಮೊದಲು ನಿಮ್ಮ ಕ್ರೀಡಾಕೂಟದ ಬೆಳಿಗ್ಗೆಯಿಂದ ಶುರು ಮಾಡೋಣ.

ನೀವು ಹೇಳಿದ ಮೂರರಲ್ಲಿ ಜ್ಯೋತಿಯ ಮೆರವಣಿಗೆ ಗ್ರೀಕರದ್ದಲ್ಲ. ಮೂರು ಮೆಟ್ಟಿಲಿನ ಸ್ಟ್ಯಾಂಡೂ ಅವರದ್ದಲ್ಲ. ಪ್ರತಿಜ್ಞೆ ಮಾತ್ರ ನಿಜವಾಗಿ ಅವರದ್ದು. ನಮ್ಮ ಕ್ರೀಡಾಕೂಟಗಳಲ್ಲಿ ಜ್ಯೋತಿಗೆ ಜಾಸ್ತಿ ಹೊತ್ತು ಕೊಟ್ಟು, ಪ್ರತಿಜ್ಞೆಯನ್ನು ಗಡಿಬಿಡಿಯಲ್ಲಿ ಮುಗಿಸುವುದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಜ್ಯೋತಿಯದ್ದು ಬೇಗ ಹೇಳಿ ಮುಗಿಸಬಹುದು. ಪ್ರಾಚೀನ ಕಾಲದಲ್ಲಿ ಒಲಿಂಪಿಯಾದಿಂದ ಊರೂರಿಗೆ ಯಾರೂ ಪಂಜು ಹೊತ್ತು ಓಡುತ್ತಿರಲಿಲ್ಲ. ಒಲಿಂಪಿಯಾದ ಬಿಸಿಲಿನಲ್ಲಿ ಬೆಂಕಿ ಹೊತ್ತಿಸಿ, ಕೈಯಿಂದ ಕೈಗೆ ದಾಟಿಸುತ್ತಾ ಕ್ರೀಡಾಂಗಣಕ್ಕೆ ತರುವ ಪದ್ಧತಿ ಮೊದಲು ನಡೆದದ್ದು 1936ರಲ್ಲಿ, ಹಿಟ್ಲರ್ ಆಳ್ವಿಕೆಯ ಬರ್ಲಿನ್ ಕೂಟಕ್ಕೆ. ಆ ಕೂಟದ ಸಂಘಟಕ ಕಾರ್ಲ್ ಡೀಮ್ ಅದನ್ನು ರೂಪಿಸಿದರು. ಪಂಜಿನ ಓಟ ಗ್ರೀಕರಿಗೆ ಗೊತ್ತಿತ್ತು, ಆದರೆ ಅದು ಬೇರೆ ಥರದ್ದು. ಅಥೆನ್ಸಿನಲ್ಲಿ ತಂಡ ತಂಡಗಳ ನಡುವೆ ಪಂಜಿನ ರಿಲೇ ಸ್ಪರ್ಧೆ ಇತ್ತು. ಪಂಜು ಆರದಂತೆ ಓಡಬೇಕು, ಮೊದಲು ಬಲಿಪೀಠ ತಲುಪಿದ ತಂಡ ಗೆದ್ದಂತೆ.

ಮ್ಯಾರಥಾನ್ ಕೂಡ ಹಾಗೇ. ಗ್ರೀಕರ ಯಾವ ಕೂಟದಲ್ಲೂ ಆ ಓಟ ಇರಲಿಲ್ಲ. ಅವರ ಅತಿ ಉದ್ದದ ಓಟವಾದ ಡೋಲಿಖೋಸ್ ಸುಮಾರು ನಾಲ್ಕೈದು ಕಿಲೋಮೀಟರ್ ಇದ್ದಿರಬೇಕು, ಅಷ್ಟೇ. ಮ್ಯಾರಥಾನ್ ಹುಟ್ಟಿದ್ದು 1896ರ ಅಥೆನ್ಸ್ ಕೂಟಕ್ಕಾಗಿ. ಸಲಹೆ ಕೊಟ್ಟವರು ಫ್ರಾನ್ಸಿನ ಭಾಷಾ ವಿದ್ವಾಂಸ ಮಿಶೆಲ್ ಬ್ರೆಯಾಲ್. ಗೆದ್ದವರು ಗ್ರೀಸಿನ ಸ್ಪಿರಿಡಾನ್ ಲೂಯಿಸ್. ಓಟ ಹೊಸದು, ಆದರೆ ಅದು ನಮ್ಮವರೆಗೂ ಬಂತು. 1920ರ ಆಂಟ್ವರ್ಪ್ ಕೂಟಕ್ಕೆ ಭಾರತದಿಂದ ಹೋದ ಸಣ್ಣ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನಿನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ನಿಮ್ಮ ಮಕ್ಕಳಿಗೆ ಈ ಹೆಸರನ್ನೂ ಹೇಳಿ.

ಹಾಗಾದರೆ ಹಳೆಯ ಕೂಟ ಹೇಗಿತ್ತು? ಒಲಿಂಪಿಯಾ ಒಂದು ಊರಲ್ಲ, ದೇವಸ್ಥಾನದ ಜಾಗ. ದಕ್ಷಿಣ ಗ್ರೀಸಿನ ಪಶ್ಚಿಮ ಭಾಗದಲ್ಲಿದೆ. ನಮ್ಮ ಕಡೆ ಜಾತ್ರೆಯ ಜೊತೆ ಕುಸ್ತಿ ಇರುತ್ತದಲ್ಲ, ಆ ಬಗೆಯದ್ದು. ಅದು ಜ್ಯೂಸ್ ದೇವರ ಉತ್ಸವ, ನಾಲ್ಕು ವರ್ಷಕ್ಕೊಮ್ಮೆ. ನಡೆಸುತ್ತಿದ್ದವರು ಹತ್ತಿರದ ಎಲಿಸ್ ನಗರದವರು. ಗ್ರೀಕರ ಲೆಕ್ಕದ ಪ್ರಕಾರ ಮೊದಲ ವಿಜೇತ ಕ್ರಿ.ಪೂ. 776ರಲ್ಲಿ ಓಟ ಗೆದ್ದ ಎಲಿಸಿನ ಕೊರೊಯಿಬೊಸ್. ಅವನು ಅಡುಗೆ ಕೆಲಸದವನಾಗಿದ್ದ ಎಂದು ಹೇಳುತ್ತಾರೆ. ಇದರ ಜೊತೆ ಇನ್ನೂ ಮೂರು ದೊಡ್ಡ ಕೂಟಗಳಿದ್ದವು. ಡೆಲ್ಫಿಯದ್ದು ಅಪೊಲೊ ದೇವರಿಗೆ, ಕೊರಿಂತ್ ಹತ್ತಿರದ ಇಸ್ತ್ಮಿಯಾದ್ದು ಪೊಸೈಡನ್‌ಗೆ, ನೆಮಿಯಾದ್ದು ಮತ್ತೆ ಜ್ಯೂಸ್‌ಗೆ. ಗೆದ್ದವರಿಗೆ ಎಲೆಯ ಕಿರೀಟ. ಒಲಿಂಪಿಯಾದಲ್ಲಿ ಕಾಡು ಆಲಿವ್ ಮರದ ಕೊಂಬೆಯದ್ದು, ಡೆಲ್ಫಿಯಲ್ಲಿ ಲಾರೆಲ್ ಎಲೆಯದ್ದು. ಡೆಲ್ಫಿಯ ಕೂಟ ಶುರುವಾದದ್ದು ಸಂಗೀತ ಸ್ಪರ್ಧೆಯಾಗಿ, ಓಟ ಕುಸ್ತಿ ಆಮೇಲೆ ಸೇರಿದವು. ಒಲಿಂಪಿಯಾದ ಕೂಟ ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಕ್ರಿ.ಶ. 4ನೇ ಶತಮಾನದ ಕೊನೆಗೆ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ದೇವರ ಪೂಜೆಗಳನ್ನು ನಿಷೇಧಿಸಿದ ಮೇಲೆ ಅದರ ಕಾಲ ಮುಗಿಯಿತು.

ಈಗ ಪ್ರತಿಜ್ಞೆಗೆ ಬರೋಣ. ಇದರ ಬಗ್ಗೆ ನಮಗೆ ಚೆನ್ನಾಗಿ ಗೊತ್ತಿರುವುದು ಪೌಸನಿಯಸ್ ಎಂಬ ಪ್ರವಾಸಿಯಿಂದ. ಕ್ರಿ.ಶ. 2ನೇ ಶತಮಾನದಲ್ಲಿ ಅವನು ಒಲಿಂಪಿಯಾವನ್ನು ಕಲ್ಲು ಕಲ್ಲಾಗಿ ನೋಡಿ ಬರೆದಿಟ್ಟ. ಅಲ್ಲಿನ ಸಭಾಭವನದಲ್ಲಿ 'ಆಣೆಯ ಜ್ಯೂಸ್' ಎಂಬ ವಿಗ್ರಹ ಇತ್ತು. ಎರಡೂ ಕೈಯಲ್ಲಿ ಸಿಡಿಲು. ನೋಡಿದರೇ ಸುಳ್ಳು ಹೇಳುವವನಿಗೆ ಎದೆ ನಡುಗಬೇಕು, ಹಾಗಿತ್ತಂತೆ. ಬಲಿ ಕೊಟ್ಟ ಹಂದಿಯ ಮಾಂಸದ ತುಂಡುಗಳ ಮುಂದೆ ನಿಂತು ಆಟಗಾರರು ಆಣೆ ಇಡುತ್ತಿದ್ದರು. ಕೂಟಕ್ಕೆ ಮೋಸ ಮಾಡುವುದಿಲ್ಲ ಎಂದು. ಹತ್ತು ತಿಂಗಳು ಬಿಡದೆ ತಾಲೀಮು ಮಾಡಿದ್ದೇವೆ ಎಂದು ಕೂಡ. ಆಟಗಾರರು ಮಾತ್ರ ಅಲ್ಲ, ಅವರ ಅಪ್ಪಂದಿರು, ಅಣ್ಣತಮ್ಮಂದಿರು, ತರಬೇತುದಾರರೂ ಆಣೆ ಇಡಬೇಕಿತ್ತು. ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಹುಡುಗರ ವಯಸ್ಸು ನೋಡಿ ವಿಭಾಗಕ್ಕೆ ಸೇರಿಸುವ ಅಧಿಕಾರಿಗಳೂ ಲಂಚ ತಗೊಳ್ಳದೆ ತೀರ್ಪು ಕೊಡುತ್ತೇವೆ ಎಂದು ಆಣೆ ಇಡುತ್ತಿದ್ದರು. ಜನ್ಮದಿನಾಂಕ ತಿದ್ದಿದ ದಾಖಲೆ ಹಿಡಿದು ಬರುವವರನ್ನು ನೀವೂ ನೋಡಿರುತ್ತೀರಿ, ಅಲ್ವಾ? ಆ ತೊಂದರೆಯೂ ಅಷ್ಟೇ ಹಳೆಯದು.

ಹೊಸ ಒಲಿಂಪಿಕ್ಸ್‌ನಲ್ಲಿ ಆಟಗಾರರ ಪ್ರತಿಜ್ಞೆ ಬಂದದ್ದು 1920ರಲ್ಲಿ. ಆಂಟ್ವರ್ಪ್‌ನಲ್ಲಿ ಬೆಲ್ಜಿಯಂನ ವಿಕ್ಟರ್ ಬ್ವಾನ್ ಅದನ್ನು ಹೇಳಿದರು. ತೀರ್ಪುಗಾರರ ಪ್ರತಿಜ್ಞೆ ಸೇರಲು 1972ರವರೆಗೆ ಕಾಯಬೇಕಾಯಿತು. ತರಬೇತುದಾರರದ್ದು ಇನ್ನೂ ತಡವಾಗಿ ಬಂತು. ಗ್ರೀಕರು ಒಂದೇ ಕೋಣೆಯಲ್ಲಿ ಎಲ್ಲರಿಂದ ಮಾಡಿಸುತ್ತಿದ್ದದ್ದನ್ನು ನಾವು ಕಂತುಕಂತಾಗಿ ವಾಪಸ್ ತಂದೆವು.

ಆಣೆ ಮುರಿದರೆ ಏನಾಗುತ್ತಿತ್ತು? ಒಲಿಂಪಿಯಾಕ್ಕೆ ಹೋದರೆ ಅದರ ಉತ್ತರ ಕಲ್ಲಿನಲ್ಲೇ ಕಾಣುತ್ತದೆ. ಓಟದ ಮೈದಾನಕ್ಕೆ ಹೋಗುವ ದಾರಿಯ ಬದಿಗೆ ಹದಿನಾರು ಕಲ್ಲಿನ ಪೀಠಗಳು ಸಾಲಾಗಿ ನಿಂತಿವೆ. ಅದರ ಮೇಲಿದ್ದ ಜ್ಯೂಸ್‌ನ ಕಂಚಿನ ವಿಗ್ರಹಗಳು ಈಗ ಇಲ್ಲ. ಅವುಗಳನ್ನು ಜಾನೆಸ್ ಎಂದು ಕರೆಯುತ್ತಿದ್ದರು. ಪ್ರತಿಯೊಂದನ್ನೂ ಮಾಡಿಸಿದ್ದು ಮೋಸ ಮಾಡಿದವರಿಂದ ವಸೂಲಿ ಮಾಡಿದ ದಂಡದ ಹಣದಿಂದ. ಕ್ರಿ.ಪೂ. 388ರಲ್ಲಿ ಥೆಸ್ಸಲಿಯ ಯೂಪೊಲೋಸ್ ಎಂಬ ಬಾಕ್ಸರ್ ಮೂವರು ಎದುರಾಳಿಗಳಿಗೆ ದುಡ್ಡು ಕೊಟ್ಟು ಗೆದ್ದ. ಕೊಟ್ಟವನಿಗೂ ದಂಡ, ತಗೊಂಡವರಿಗೂ ದಂಡ. ಆ ಹಣದಲ್ಲಿ ಮೊದಲ ಆರು ವಿಗ್ರಹ ನಿಂತವು. ಒಂದರ ಮೇಲೆ ಹೀಗೆ ಅರ್ಥ ಬರುವ ಸಾಲು ಇತ್ತು: ಒಲಿಂಪಿಯಾದಲ್ಲಿ ಗೆಲ್ಲಬೇಕಾದದ್ದು ಕಾಲಿನ ವೇಗದಿಂದ, ಮೈಯ ಬಲದಿಂದ, ಹಣದಿಂದಲ್ಲ.

ಕ್ರಿ.ಪೂ. 332ರಲ್ಲಿ ಅಥೆನ್ಸಿನ ಕಾಲಿಪೋಸ್ ಎಂಬವನು ಐದು ಸ್ಪರ್ಧೆಗಳು ಸೇರಿದ ಪೆಂಟಾಥ್ಲಾನ್‌ನಲ್ಲಿ ಇದೇ ಕೆಲಸ ಮಾಡಿದ. ಅಥೆನ್ಸ್ ದೊಡ್ಡ ನಗರ, ಹೆಸರಾಂತ ಭಾಷಣಕಾರ ಹೈಪರೈಡಿಸ್‌ನನ್ನು ಕಳಿಸಿ ದಂಡ ಮಾಫಿ ಮಾಡಿಸಲು ನೋಡಿತು. ಎಲಿಸಿನವರು ಒಪ್ಪಲಿಲ್ಲ. ಅಥೆನ್ಸಿನವರು ದಂಡ ಕಟ್ಟದೆ ಕೂಟಕ್ಕೆ ಬರುವುದನ್ನೇ ಬಿಟ್ಟರು. ಕೊನೆಗೆ ಡೆಲ್ಫಿಯ ದೇವಸ್ಥಾನ, ದಂಡ ಕಟ್ಟುವವರೆಗೂ ನಿಮಗೆ ದೇವರ ಅಪ್ಪಣೆ ಸಿಗುವುದಿಲ್ಲ ಎಂದಿತು. ಆಗ ಕಟ್ಟಿದರು. ಮತ್ತೆ ಆರು ವಿಗ್ರಹ. ಇನ್ನೂ ಒಂದು ಪ್ರಸಂಗ ಇದೆ, ಪೋಷಕರ ಸಭೆಯಲ್ಲಿ ಹೇಳುವಂಥದ್ದು. ಕ್ರಿ.ಪೂ. 12ರಲ್ಲಿ ಎಲಿಸಿನವನೇ ಆದ ಒಬ್ಬ ಅಪ್ಪ ತನ್ನ ಮಗ ಕುಸ್ತಿಯಲ್ಲಿ ಗೆಲ್ಲಲಿ ಎಂದು ಎದುರಾಳಿ ಹುಡುಗನ ಅಪ್ಪನಿಗೆ ಹಣ ಕೊಟ್ಟ. ದಂಡ ಬಿದ್ದದ್ದು ಇಬ್ಬರು ಅಪ್ಪಂದಿರಿಗೆ. ತಪ್ಪು ಅವರದ್ದು, ಮಕ್ಕಳದ್ದಲ್ಲ ಎಂದರು ತೀರ್ಪುಗಾರರು. ತಮ್ಮ ಊರಿನವನು ಎಂದು ಬಿಡಲಿಲ್ಲ.

ಆ ಪೀಠಗಳನ್ನು ದಾಟಿ ಕಮಾನಿನ ಸುರಂಗದೊಳಗೆ ನಡೆದರೆ ಓಟದ ಮೈದಾನ ಸಿಗುತ್ತದೆ. ಅಂದರೆ ಓಡಲು ಹೋಗುವ ಪ್ರತಿಯೊಬ್ಬನೂ ಮೋಸಗಾರರ ಹೆಸರು ಓದಿಕೊಂಡೇ ಒಳಗೆ ಹೋಗಬೇಕಿತ್ತು. ಇಂದಿನ ಡೋಪಿಂಗ್ ವಿರೋಧಿ ನಿಯಮಗಳಲ್ಲೂ ತಪ್ಪಿತಸ್ಥರ ಹೆಸರು ಪ್ರಕಟಿಸುವ ಪದ್ಧತಿ ಇದೆ. ಒಂದು ಇನ್ನೊಂದರಿಂದ ನೇರವಾಗಿ ಬಂತು ಎಂದು ನಾನು ಹೇಳುತ್ತಿಲ್ಲ. ಆದರೆ ಆಟ ನಿಲ್ಲುವುದು ನಿಯಮದ ಮೇಲೆ, ನಿಯಮ ಮುರಿದವನನ್ನು ಎಲ್ಲರೂ ನೋಡುವಂತೆ ಹಿಡಿಯಬೇಕು ಎಂಬ ತಿಳಿವಳಿಕೆ ಅಲ್ಲಿಯದ್ದೇ. ನನ್ನ ಮಟ್ಟಿಗೆ ಗ್ರೀಕರು ಬಿಟ್ಟುಹೋದ ಅತಿ ದೊಡ್ಡ ಆಸ್ತಿ ಇದು.

ಸುರಂಗ ದಾಟಿದ ಮೇಲೆ ನೆಲದಲ್ಲಿ ಉದ್ದಕ್ಕೆ ಹೂತ ಕಲ್ಲಿನ ಪಟ್ಟಿ ಕಾಣುತ್ತದೆ. ಅದರಲ್ಲಿ ಎರಡು ಗೀರು. ಕಾಲ್ಬೆರಳು ಊರಲು ಮಾಡಿದ್ದು. ಅದೇ ಓಟದ ಆರಂಭದ ಗೆರೆ. ಅಲ್ಲಿಗೆ ಬಂದವರೆಲ್ಲ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತು ನೋಡುತ್ತಾರೆ. ನಾನೂ ನಿಂತೆ. ಇಪ್ಪತ್ತು ಜನ ಒಟ್ಟಿಗೆ ನಿಲ್ಲುವಷ್ಟು ಜಾಗ. ಆ ತುದಿಯವರೆಗೆ 192 ಮೀಟರ್ ಮತ್ತು ಸ್ವಲ್ಪ. ಈ ಅಳತೆಯ ಹೆಸರು ಸ್ಟೇಡಿಯನ್. ಒಂದು ಸಲ ಈ ಉದ್ದ ಓಡುವ ಸ್ಪರ್ಧೆಗೂ ಅದೇ ಹೆಸರು, ಓಡುವ ಜಾಗಕ್ಕೂ ಅದೇ. ನಮ್ಮ ಕಂಠೀರವ ಸ್ಟೇಡಿಯಂ ಎನ್ನುವಾಗ ನಾವು ಹೇಳುತ್ತಿರುವುದು ಆ 192 ಮೀಟರಿನ ಹೆಸರನ್ನೇ. ಸ್ಟೇಡಿಯನ್ ಅಂದರೆ 600 ಅಡಿ. ಆದರೆ ಊರಿಂದ ಊರಿಗೆ ಅಡಿಯ ಅಳತೆಯೇ ಬೇರೆ. ಡೆಲ್ಫಿಯ ಮೈದಾನ ಸುಮಾರು 178 ಮೀಟರ್ ಮಾತ್ರ. ಅದಕ್ಕೇ ಅವರಲ್ಲಿ ದಾಖಲೆ ಸಮಯ ಎಂಬ ಮಾತೇ ಇಲ್ಲ. ಅಳೆಯಲು ಗಡಿಯಾರವೂ ಇರಲಿಲ್ಲ. ಆ ದಿನ ಪಕ್ಕದವನಿಗಿಂತ ಮುಂದೆ ಬಂದನೇ ಅನ್ನುವುದಷ್ಟೇ ಲೆಕ್ಕ.

ಆರಂಭದ ವಿಷಯದಲ್ಲಿ ಅವರು ತುಂಬ ಕಟ್ಟುನಿಟ್ಟು. ತೀರ್ಪುಗಾರರ ಕೈಯಲ್ಲಿ ಬೆತ್ತ ಇರುತ್ತಿತ್ತು. ಮೊದಲೇ ಹೊರಟವನಿಗೆ ಏಟು. ಇದು ಎಷ್ಟು ಮನೆಮಾತಾಗಿತ್ತು ಅಂದರೆ, ಕ್ರಿ.ಪೂ. 480ರಲ್ಲಿ ಪರ್ಷಿಯನ್ನರ ವಿರುದ್ಧ ಸಲಾಮಿಸ್ ಯುದ್ಧಕ್ಕೆ ಮುಂಚೆ ನಡೆದ ಸಭೆಯಲ್ಲೂ ಈ ಮಾತು ಬಂತು. ಅಥೆನ್ಸಿನ ನಾಯಕ ತೆಮಿಸ್ಟೊಕ್ಲಿಸ್ ಆತುರದಿಂದ ಮಾತು ಶುರು ಮಾಡಿದ. ಕೊರಿಂತಿನ ಸೇನಾಪತಿ, 'ಕೂಟದಲ್ಲಿ ಮೊದಲೇ ಹೊರಟವರಿಗೆ ಬೆತ್ತದ ಏಟು' ಎಂದ. 'ಹಿಂದೆ ಉಳಿದವರಿಗೆ ಕಿರೀಟವೂ ಇಲ್ಲ' ಎಂದ ತೆಮಿಸ್ಟೊಕ್ಲಿಸ್. ಆಮೇಲೆ ಏಟಿನ ಗೊಡವೆಯೇ ಬೇಡವೆಂದು ಒಂದು ಸಾಧನ ಮಾಡಿದರು. ಗೆರೆಯ ಮುಂದೆ ಅಡ್ಡ ಹಗ್ಗ. ಹಿಂದೆ ನಿಂತವನು ಬಿಟ್ಟೊಡನೆ ಎಲ್ಲರ ಮುಂದಿನ ಹಗ್ಗ ಒಂದೇ ಸಲಕ್ಕೆ ನೆಲಕ್ಕೆ ಬೀಳುತ್ತದೆ. ಇದರ ಹೆಸರು ಹಿಸ್ಪ್ಲೆಕ್ಸ್. ನೆಮಿಯಾದಲ್ಲಿ ಅಗೆತ ನಡೆಸಿದ ಅಮೆರಿಕದ ಸ್ಟೀಫನ್ ಮಿಲ್ಲರ್ ಅದನ್ನು ಮತ್ತೆ ಕಟ್ಟಿಸಿದರು. 1996ರಿಂದ ಅಲ್ಲಿ ಜನಸಾಮಾನ್ಯರಿಗಾಗಿ ಬರಿಗಾಲಿನ ಓಟಗಳು ನಡೆಯುತ್ತಿವೆ, ಅಲ್ಲಿ ಆ ಹಗ್ಗದ ಗೇಟೇ ಬಳಕೆಯಲ್ಲಿದೆ. ಇಂದಿನ ಓಟದಲ್ಲಿ ಒಂದೇ ಒಂದು ತಪ್ಪು ಆರಂಭಕ್ಕೆ ಆಟಗಾರ ಹೊರಗೆ. 2011ರಲ್ಲಿ ಉಸೇನ್ ಬೋಲ್ಟ್ ಕೂಡ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಹಾಗೇ ಹೊರಗೆ ಹೋದರು.

ಕುಸ್ತಿಯ ಜೋಡಿ ಕಟ್ಟುವುದನ್ನೂ ನೋಡಿ. ಬೆಳ್ಳಿಯ ಪಾತ್ರೆಯಲ್ಲಿ ಕಾಳಿನಷ್ಟು ಚಿಕ್ಕ ಬಿಲ್ಲೆಗಳು. ಎರಡರ ಮೇಲೆ ಒಂದೇ ಅಕ್ಷರ. ಒಂದೇ ಅಕ್ಷರ ಸಿಕ್ಕವರು ಜೋಡಿ. ಬೆಸ ಸಂಖ್ಯೆ ಬಂದರೆ ಒಬ್ಬ ಸುಮ್ಮನೆ ಕೂತು ಮುಂದಿನ ಸುತ್ತಿಗೆ ಹೋಗುತ್ತಾನೆ. ನೀವು ಚೀಟಿ ಎತ್ತಿಸಿ ಕಬಡ್ಡಿ ತಂಡಕ್ಕೆ 'ಬೈ' ಕೊಡುವುದಿಲ್ಲವೇ, ಅದೇ. ಎದುರಾಳಿ ಬರದೆ ಗೆದ್ದರೆ ಅದಕ್ಕೆ 'ಧೂಳಿಲ್ಲದ ಗೆಲುವು' ಎನ್ನುತ್ತಿದ್ದರು. ಮೈಗೆ ಎಣ್ಣೆ ಹಚ್ಚಿ, ಮಣ್ಣು ಹಾಕಿಕೊಂಡು ಸೆಣಸುವ ಗರಡಿಯ ಮಾತು ಅದು. ಅದರ ಸೊಗಸು ನಮ್ಮ ಪೈಲ್ವಾನರಿಗೆ ವಿವರಿಸಿ ಹೇಳಬೇಕಿಲ್ಲ. ತೂಕದ ವಿಭಾಗ ಮಾತ್ರ ಇರಲಿಲ್ಲ. ಹಾಗಾಗಿ ದೊಡ್ಡ ಮೈಯವರಿಗೇ ಅನುಕೂಲ. ಇದು ಅವರ ಕೂಟದ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ಇನ್ನು ಮೆಡಲ್. ಒಲಿಂಪಿಯಾದಲ್ಲಿ ಎರಡನೇ, ಮೂರನೇ ಸ್ಥಾನ ಎಂಬುದೇ ಇರಲಿಲ್ಲ. ಚಿನ್ನ, ಬೆಳ್ಳಿ, ಕಂಚು ಕ್ರಮ ಶುರುವಾದದ್ದು 1904ರಲ್ಲಿ. ಒಲಿಂಪಿಕ್ಸ್‌ಗೆ ಮೂರು ಮೆಟ್ಟಿಲಿನ ಸ್ಟ್ಯಾಂಡ್ ಬಂದದ್ದು 1932ರಲ್ಲಿ.

ಆದರೆ 'ಗ್ರೀಕರು ಬರೀ ಎಲೆಯ ಕಿರೀಟಕ್ಕಾಗಿ ಆಡುತ್ತಿದ್ದರು, ಹಣದ ಆಸೆ ಇರಲಿಲ್ಲ' ಎಂದು ದಯವಿಟ್ಟು ಮಕ್ಕಳಿಗೆ ಹೇಳಬೇಡಿ. ಅಥ್ಲೀಟ್ ಎಂಬ ಪದವೇ ಬಹುಮಾನ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಒಲಿಂಪಿಯಾದಲ್ಲಿ ಗೆದ್ದವನಿಗೆ 500 ದ್ರಾಕ್ಮಾ (ಗ್ರೀಕರ ಬೆಳ್ಳಿ ನಾಣ್ಯ) ಎಂದು ಸೋಲೋನ್ ಅಥೆನ್ಸಿನಲ್ಲಿ ಕಾನೂನು ಮಾಡಿದ್ದ ಎನ್ನುತ್ತಾರೆ. ಅಥೆನ್ಸಿನ ಸ್ವಂತ ಕೂಟದಲ್ಲಿ ಆಲಿವ್ ಎಣ್ಣೆಯ ದೊಡ್ಡ ದೊಡ್ಡ ಹೂಜಿಗಳೇ ಬಹುಮಾನ. ಅದರ ಪಟ್ಟಿ ಕೆತ್ತಿದ ಕಲ್ಲು ಸಿಕ್ಕಿದೆ. ಬಾಲಕರ ಓಟದಲ್ಲಿ ಮೊದಲು ಬಂದವನಿಗೆ 50 ಹೂಜಿ, ಎರಡನೆಯವನಿಗೆ 10. ಒಂದು ಹೂಜಿಯಲ್ಲಿ ಸುಮಾರು 39 ಲೀಟರ್. ಒಬ್ಬ ಹುಡುಗ ಅಷ್ಟು ಎಣ್ಣೆ ಏನು ಮಾಡುತ್ತಾನೆ? ಮಾರುತ್ತಾನೆ. ಕ್ರಿ.ಶ. 93ರಲ್ಲಿ ಅಲೆಕ್ಸಾಂಡ್ರಿಯಾದ ಒಬ್ಬ ಬಾಕ್ಸರ್ ಒಲಿಂಪಿಯಾಕ್ಕೆ ತಡವಾಗಿ ಬಂದು, ಎದುರುಗಾಳಿಯಿಂದ ಹಡಗು ತಡವಾಯಿತು ಎಂದ. ನಿಜದಲ್ಲಿ ಅವನು ಬೇರೆ ಕಡೆ ಹಣದ ಬಹುಮಾನದ ಕೂಟಗಳಲ್ಲಿ ಆಡುತ್ತಿದ್ದ. ಗುಟ್ಟು ಹೊರಬಿದ್ದು, ಅವನನ್ನು ಸೇರಿಸಲಿಲ್ಲ. ಹಣ ಗಳಿಸಿದ್ದು ತಪ್ಪಾಗಿರಲಿಲ್ಲ. ತಡವಾಗಿ ಬಂದು ಸುಳ್ಳು ಹೇಳಿದ್ದು ತಪ್ಪಾಯಿತು.

ಹಣ ಮುಟ್ಟದ ಆಟಗಾರನೇ ಶುದ್ಧ ಎಂಬ ಮಾತು 19ನೇ ಶತಮಾನದ ಇಂಗ್ಲೆಂಡಿನ ಶ್ರೀಮಂತರ ಕ್ಲಬ್ಬುಗಳದ್ದು. ಕೆಲವು ಕ್ಲಬ್ಬುಗಳು ಕೈಕೆಲಸ ಮಾಡುವವರನ್ನೇ ಹೊರಗಿಟ್ಟಿದ್ದವು. ಅದಕ್ಕೆ ಗ್ರೀಕರ ಹೆಸರನ್ನು ಆಮೇಲೆ ಅಂಟಿಸಿದರು. ಇದರ ಪೆಟ್ಟು ತಿಂದವರು ಜಿಮ್ ಥಾರ್ಪ್. ಅಮೆರಿಕದ ಮೂಲನಿವಾಸಿ ಸಮುದಾಯದವರು. 1912ರ ಸ್ಟಾಕ್‌ಹೋಮ್ ಕೂಟದಲ್ಲಿ ಪೆಂಟಾಥ್ಲಾನ್, ಹತ್ತು ಸ್ಪರ್ಧೆಗಳು ಸೇರಿದ ಡೆಕಾಥ್ಲಾನ್ ಎರಡನ್ನೂ ಗೆದ್ದರು. ಅದಕ್ಕೆ ಮುಂಚೆ ಸಣ್ಣ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರು ಎಂಬ ಕಾರಣಕ್ಕೆ 1913ರಲ್ಲಿ ಪದಕ ಕಿತ್ತುಕೊಂಡರು. ಅವರು 1953ರಲ್ಲಿ ತೀರಿಕೊಂಡರು. ಪದಕಗಳ ಪ್ರತಿ ಮಕ್ಕಳ ಕೈಗೆ ಬಂದದ್ದು 1983ರಲ್ಲಿ. ಆ ಎರಡೂ ಸ್ಪರ್ಧೆಗಳಿಗೆ ಅವರೊಬ್ಬರೇ ವಿಜೇತರು ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಪ್ಪಿದ್ದು 2022ರಲ್ಲಿ. ಗ್ರೀಕರು ಎಂದೂ ಹಾಕದ ನಿಯಮಕ್ಕಾಗಿ ಒಬ್ಬ ಮನುಷ್ಯನ ಹೆಸರು ನೂರು ವರ್ಷ ಕಾಯಬೇಕಾಯಿತು. ಇತಿಹಾಸವನ್ನು ಸರಿಯಾಗಿ ಹೇಳಬೇಕು ಎಂದು ನಾನು ಹಠ ಹಿಡಿಯುವುದು ಇದಕ್ಕೇ.

ಈಗ ನಿಮ್ಮ ಹುಡುಗಿಯ ಪ್ರಶ್ನೆ. ಒಲಿಂಪಿಯಾದಲ್ಲಿ ಜ್ಯೂಸ್‌ನ ಕೂಟದಲ್ಲಿ ಹೆಂಗಸರು ಓಡುವಂತಿರಲಿಲ್ಲ. ಮದುವೆಯಾದ ಹೆಂಗಸರು ನೋಡುವಂತೆಯೂ ಇರಲಿಲ್ಲ. ಡಿಮೀಟರ್ ದೇವಿಯ ಅರ್ಚಕಿ ಒಬ್ಬಳಿಗೆ ಮಾತ್ರ ಮೈದಾನದ ಪಕ್ಕ ಜಾಗ. ಆದರೂ ಒಬ್ಬ ತಾಯಿ ತರಬೇತುದಾರನ ವೇಷ ಹಾಕಿ ಮಗನ ಆಟ ನೋಡಲು ಬಂದಳಂತೆ. ಮಗ ಗೆದ್ದ ಖುಷಿಯಲ್ಲಿ ಬೇಲಿ ಹಾರುವಾಗ ಗುಟ್ಟು ಬಯಲಾಯಿತು. ಅವಳ ಮನೆಯಲ್ಲಿ ಅಪ್ಪ, ಅಣ್ಣತಮ್ಮಂದಿರು, ಮಗ ಎಲ್ಲರೂ ವಿಜೇತರು. ಅದಕ್ಕೆ ಶಿಕ್ಷೆ ಕೊಡದೆ ಬಿಟ್ಟರು. ರಥದ ಸ್ಪರ್ಧೆಯಲ್ಲಿ ಕಿರೀಟ ಓಡಿಸಿದವನಿಗಲ್ಲ, ಕುದುರೆಗಳ ಒಡೆಯನಿಗೆ. ಆ ದಾರಿಯಲ್ಲಿ ಸ್ಪಾರ್ಟಾದ ರಾಜಕುಮಾರಿ ಸಿನಿಸ್ಕಾ ಕ್ರಿ.ಪೂ. 396ರಲ್ಲಿ ಮತ್ತು 392ರಲ್ಲಿ ಗೆದ್ದಳು. ಇಡೀ ಗ್ರೀಸಿನಲ್ಲಿ ಈ ಕಿರೀಟ ಪಡೆದ ಹೆಂಗಸು ನಾನೊಬ್ಬಳೇ ಎಂದು ಅಲ್ಲೇ ಕಲ್ಲಿನಲ್ಲಿ ಕೆತ್ತಿಸಿದಳು.

ಓಡಿದ್ದು ಬೇರೆ ಕೂಟದಲ್ಲಿ. ಅದೇ ಒಲಿಂಪಿಯಾದಲ್ಲಿ, ಅದೇ ಮೈದಾನದಲ್ಲಿ, ಹೀರಾ ದೇವಿಯ ಹೆಸರಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಹುಡುಗಿಯರ ಓಟ ಇತ್ತು. ನಡೆಸುತ್ತಿದ್ದವರು ಹದಿನಾರು ಹೆಂಗಸರು. ವಯಸ್ಸಿನ ಪ್ರಕಾರ ಮೂರು ಗುಂಪು. ಕೂದಲು ಬಿಟ್ಟುಕೊಂಡು, ಮಂಡಿಗಿಂತ ಮೇಲಿನ ಬಟ್ಟೆ ತೊಟ್ಟು ಓಡುತ್ತಿದ್ದರು. ದೂರದಲ್ಲಿ ಆರನೇ ಒಂದು ಭಾಗ ಕಡಿಮೆ, ಅಂದರೆ ಸುಮಾರು 160 ಮೀಟರ್. ಗೆದ್ದವಳಿಗೆ ಅದೇ ಆಲಿವ್ ಕಿರೀಟ, ಜೊತೆಗೆ ಹೀರಾಗೆ ಬಲಿ ಕೊಟ್ಟ ಹಸುವಿನ ಮಾಂಸದಲ್ಲಿ ಪಾಲು.

1896ರಲ್ಲಿ ಕೂಟವನ್ನು ಮತ್ತೆ ಶುರು ಮಾಡಿದವರು ಜ್ಯೂಸ್‌ನ ಕೂಟದ ಕಟ್ಟಳೆಯನ್ನು ಆರಿಸಿಕೊಂಡರು, ಹೀರಾಳ ಕೂಟವನ್ನು ಬಿಟ್ಟರು. ಆ ವರ್ಷ ಒಬ್ಬ ಹೆಂಗಸೂ ಸ್ಪರ್ಧಿಸಲಿಲ್ಲ. ಕೂಟದ ಮುಂದಾಳು ಪಿಯೆರ್ ದ ಕೂಬರ್ಟಿನ್ ಕೊನೆಯವರೆಗೂ ಹೆಂಗಸರ ಸ್ಪರ್ಧೆಗೆ ಒಪ್ಪಲಿಲ್ಲ. 1900ರಲ್ಲಿ ಟೆನಿಸ್‌ನಂಥ ಕೆಲವು ಆಟಗಳಿಗೆ ಹೆಂಗಸರು ಬಂದರು. ಓಟಕ್ಕೆ 1928ರವರೆಗೂ ಕಾಯಬೇಕಾಯಿತು. ಆ ವರ್ಷದ 800 ಮೀಟರ್ ಓಟದ ಕೊನೆಗೆ ಕೆಲವರು ಸುಸ್ತಾದರೆಂದು ದೊಡ್ಡ ಗದ್ದಲ ಎಬ್ಬಿಸಿ, ಮತ್ತೆ 1960ರವರೆಗೆ ಆ ಓಟ ಕೊಡಲೇ ಇಲ್ಲ.

ಡೆಲ್ಫಿಯಲ್ಲಿ ಒಂದು ವಿಗ್ರಹದ ಪೀಠ ಸಿಕ್ಕಿದೆ. ಕ್ರಿ.ಶ. 1ನೇ ಶತಮಾನದ್ದು. ಈಗಿನ ಟರ್ಕಿಯಲ್ಲಿರುವ ಟ್ರಾಲಿಸ್ ಊರಿನ ಹೆರ್ಮೆಸಿಯಾನಾಕ್ಸ್ ಎಂಬ ಅಪ್ಪ ತನ್ನ ಮೂರು ಹೆಣ್ಣುಮಕ್ಕಳ ಗೆಲುವನ್ನು ಅದರಲ್ಲಿ ಬರೆಸಿದ್ದಾನೆ. ಒಬ್ಬಳು ಡೆಲ್ಫಿಯಲ್ಲೂ ಇಸ್ತ್ಮಿಯಾದಲ್ಲೂ ಓಟ ಗೆದ್ದಳು. ಇನ್ನೊಬ್ಬಳು ನೆಮಿಯಾ ಕೂಟದ ಓಟವನ್ನು ಗೆದ್ದಳು, ಇಸ್ತ್ಮಿಯಾದಲ್ಲಿ ರಥದ ಸ್ಪರ್ಧೆಯನ್ನೂ ಗೆದ್ದಳು. ಮೂರನೆಯವಳ ಗೆಲುವೂ ಓಟದಲ್ಲೇ. ನಿಮ್ಮ ಎಂಟನೇ ಕ್ಲಾಸಿನ ಹುಡುಗಿಗೆ ಅವರ ಹೆಸರು ಬರೆದುಕೊಡಿ: ಟ್ರೈಫೋಸಾ, ಹೆಡಿಯಾ, ಡಿಯೊನಿಸಿಯಾ.